ಬಾಯ್ಲರ್ ಬದಲಾದ ಮನೆಯಲ್ಲಿ ಕಳವು

"ಹಿಲ್ಡಾ ಆಂಟಿ, ನಾನು ಕದ್ದಿಲ್ಲ," ಎಂದ ಡ್ಯಾರನ್, ಹೊಸ್ತಿಲಾಚೆಯೇ ನಿಂತು.

"ಕದ್ದಿದ್ರೆ ಇಷ್ಟೊತ್ತು ಬೂಟು ಒರೆಸ್ತಾ ನಿಲ್ತಿರ್ಲಿಲ್ಲ. ಒಳಗ್ ಬಾ, ಬೀದೀನೆಲ್ಲಾ ಬೆಚ್ಚಗೆ ಮಾಡೋಕೆ ನನ್ ಹತ್ರ ದುಡ್ಡಿಲ್ಲ."

ಹಿಲ್ಡಾ ಥ್ವೇಟ್ ಹ್ಯಾಲಿಫ್ಯಾಕ್ಸ್ ಪೊಲೀಸ್ ಠಾಣೆಯಲ್ಲಿ ಸಾರ್ಜೆಂಟಾಗಿ ನಿವೃತ್ತಳಾದವಳು. ಬೀದಿಯವರ ಪಾಲಿಗೆ ಮಾತ್ರ ಆಕೆ ನಿವೃತ್ತಳಾಗಿರಲಿಲ್ಲ. ಮಹಡಿಯಲ್ಲಿ ಬಾಡಿಗೆಗಿದ್ದ ರೂತ್ ಎದ್ದು ಚಹಾಕ್ಕೆ ನೀರಿಟ್ಟಳು. ಗಂಡ ತೀರಿಕೊಂಡ ಮೇಲೆ ಈ ಮನೆಗೆ ಬಂದವಳು ಅವಳು. ಹಿಲ್ಡಾಳ ಜತೆ ಇಂಥ ವಿಚಾರಣೆಗಳಿಗೆಲ್ಲ ಹೋಗುತ್ತಿದ್ದಳು. ಹೋಗದಿದ್ದರೆ ಗೋಡೆ ನೋಡುತ್ತ ಕೂರಬೇಕಿತ್ತು.

ನಲ್ಲಿಗೂ ಕೋಣೆ ಬೆಚ್ಚಗಿಡುವ ರೇಡಿಯೇಟರುಗಳಿಗೂ ನೀರು ಕಾಯಿಸುವ ಗ್ಯಾಸಿನ ಬಾಯ್ಲರ್ ಕೂರಿಸುವವನು ಡ್ಯಾರನ್. ಬೇಕರಿಯ ಮೇರಿಯನ್ ಹಾಲ್ರಾಯ್ಡಳ ಮನೆಗೆ ಹೊಸ ಬಾಯ್ಲರ್ ಹಾಕಿದ್ದ. ನಿನ್ನೆ ರೇಡಿಯೇಟರುಗಳಲ್ಲಿ ಸಿಕ್ಕಿಕೊಂಡ ಗಾಳಿ ಬಿಡಲು ಹೋಗಿದ್ದಾಗ ಅವಳ ಮಲಗುವ ಕೋಣೆಯಿಂದ ಅಜ್ಜಿಯ ಕಾಲದ, ಉಡುಪಿಗೆ ಸಿಕ್ಕಿಸಿಕೊಳ್ಳುವ ವಜ್ರದ ಬ್ರೂಚ್ ಕಾಣೆಯಾಗಿತ್ತು. ಕತ್ತಲಾಗುವುದರೊಳಗೆ ಮೇರಿಯನ್ ನಾಲ್ಕಾರು ಮನೆಗೆ ಫೋನು ಮಾಡಿ ಅವನ ಹೆಸರು ಹೇಳಿದ್ದಳು. ಬೆಳಗ್ಗೆಯಿಂದಲೇ ಗಿರಾಕಿಗಳು ಕೆಲಸ ಬೇಡವೆನ್ನುತ್ತಿದ್ದರು.

"ಗ್ಯಾಸಿನ ಕೆಲಸದವನಿಗೆ ಜನ ಬೀಗದ ಕೈ ಕೊಟ್ಟು ಡ್ಯೂಟಿಗೆ ಹೋಗ್ತಾರೆ, ಆಂಟಿ. ಆ ನಂಬಿಕೆ ಹೋದ್ರೆ ನಂಗೆ ಉಳಿಯೋದು ಸ್ಪ್ಯಾನರ್ ಒಂದೇ."

"ಆ ಕೋಣೆಗೆ ಹೋಗಿದ್ಯಾ?"

"ಹೋಗಿದ್ದೆ. ಗಾಳಿ ಬಿಟ್ಟು ಕೆಳಗೆ ಬಂದೆ. ಆಮೇಲೆ ಹಜಾರದ ಪೈಪ್ ಹಿಡ್ಕೊಂಡು ಕೂತಿದ್ದೆ, ಎಲ್ಲಾ ಕಡೆ ಬಿಸಿ ಸಮ ಬರ್ತಿದ್ಯಾ ನೋಡೋಕೆ. ಮೇರಿಯನ್ ಆಂಟಿ ಪಾತ್ರೆ ತೊಳೀತಾನೇ ಇದ್ರು. ಬಿಸಿನೀರಿನ ನಲ್ಲಿ ಬಿಟ್ರೆ ಈ ಬಾಯ್ಲರ್ ರೇಡಿಯೇಟರ್ ಕಡೆ ತಿರುಗಿಯೂ ನೋಡಲ್ಲ. ಪೈಪ್ ತಣ್ಣಗಾಯ್ತು, ನಾನು ಬೈಕೊಂಡು ಕಾದೆ."

ಹಿಲ್ಡಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದುವುದನ್ನು ಮರೆತಳು. ರೂತ್ ಅದನ್ನು ಗಮನಿಸಿದಳು.

ಅರ್ಧ ಗಂಟೆಯಲ್ಲಿ ಹಿಲ್ಡಾ, ರೂತ್ ಇಬ್ಬರೂ ಮೇರಿಯನ್ನಳ ಅಡುಗೆಮನೆಯಲ್ಲಿದ್ದರು. ಸಿಂಕಿನ ಪಕ್ಕದ ಗೋಡೆಗೆ ಹೊಸ ಬಾಯ್ಲರು ಬೆಳ್ಳಗೆ ಕೂತಿತ್ತು. ಕಳವಿನ ಮಾತು ಬಿಟ್ಟು ಹಿಲ್ಡಾ ಅದನ್ನೇ ಹೊಗಳತೊಡಗಿದಳು.

"ಇದನ್ನೇ ಯಾಕೆ ಆರಿಸಿದ್ಯೇ?"

"ಕ್ಲಿಫರ್ಡಿಗೆ ಮೊದಲಿನ ಹಾಗೆ ಮಹಡಿ ಮೇಲೆ ಬಿಸಿನೀರಿನ ಟ್ಯಾಂಕ್ ಇರೋದೇ ಬೇಕಿತ್ತು. ಇರೋರು ಇಬ್ಬರು, ಟ್ಯಾಂಕಿಗೆ ಕೋಣೆ ಬೇರೆ ಕೊಡ್ಬೇಕಾ? ಇದು ನಲ್ಲಿ ತಿರುಗಿಸಿದ ತಕ್ಷಣ ಕಾಯಿಸಿ ಕೊಡುತ್ತೆ."

"ಹೂಂ, ಒಂದ್ಸಲಕ್ಕೆ ಒಬ್ಬರಿಗೆ," ಎಂದು ಆಕೆಯ ಗಂಡ ಕ್ಲಿಫರ್ಡ್ ಗೊಣಗಿದ. "ಪೈಪೆಲ್ಲ ದಪ್ಪದ್ದು ಹಾಕ್ಸು ಅಂದ್ರೆ ಕೇಳ್ಲಿಲ್ಲ, ಮಾರಾಯ್ತಿ."

"ಗೋಡೆ ಒಡೆಸೋಕೆ ನಿಮ್ಮಪ್ಪ ಬರ್ತಿದ್ನಾ?"

ಮೇಜಿನ ಆ ತುದಿಯಲ್ಲಿ ಮೇರಿಯನ್ನಳ ದೊಡ್ಡಮ್ಮನ ಮಗ ಲೆನರ್ಡ್ ಪೇಪರು ಓದುತ್ತಿದ್ದ. ಮದುವೆಯೊಂದಕ್ಕೆಂದು ಶುಕ್ರವಾರ ಅಬರ್ಡೀನಿನಿಂದ ಬಂದಿದ್ದ. ಹಿಲ್ಡಾ ಅವನತ್ತ ತಿರುಗಿದಳು.

"ನಿನ್ನೆ ಡ್ಯಾರನ್ ಬಂದಿದ್ದಾಗ ನೀವು ಮೇಲೇ ಇದ್ರಂತೆ. ಏನಾದ್ರೂ ಸದ್ದು?"

"ಏನ್ ಕೇಳುತ್ತೆ ತಾಯಿ, ಷವರಿನಡಿ ಇದ್ದೆ. ಅರ್ಧ ಗಂಟೆ ಒಂದೇ ಸಮ ಸುಡುನೀರು. ಚಿಕ್ಕಂದಿನಲ್ಲಿ ಇಲ್ಲಿಗೆ ಬಂದಾಗಲೂ ಹಾಗೇ, ಟ್ಯಾಂಕ್ ಖಾಲಿಯಾಗೋವರೆಗೂ ಬಿಡ್ತಿರ್ಲಿಲ್ಲ. ಇವಳು ಪಾತ್ರೆ ಕುಟ್ಟೋದು ಬಿಟ್ರೆ ಇನ್ನೇನೂ ಕಿವಿಗೆ ಬೀಳ್ಲಿಲ್ಲ."

"ಮಾಂಸ ಬೇಯಿಸಿದ ತಟ್ಟೆ ಜಿಡ್ಡು ಹೋಗ್ಬೇಕಲ್ಲ," ಎಂದಳು ಮೇರಿಯನ್. "ಬಿಸಿನೀರು ಬಿಟ್ಕೊಂಡೇ ಉಜ್ಜಿದೆ."

"ಬ್ರೂಚ್ ಮೊದಲು ಯಾರದು?"

"ಅಜ್ಜೀದು. ಲೆನರ್ಡನ ಅಮ್ಮ ಹಿರಿ ಮಗಳು, ಆದ್ರೆ ಅಜ್ಜಿ ನಂಗೆ ಕೊಟ್ರು. ಆ ಮಾತಿಗೆ ಇಪ್ಪತ್ತು ವರ್ಷ ನಮ್ಮೆರಡು ಮನೆ ಮಾತು ಬಿಟ್ಟಿತ್ತು. ಈಗ ತಾನೇ ಸರಿಹೋಗಿದೆ."

ಹಿಲ್ಡಾ ಡ್ಯಾರನ್‌ನನ್ನು ಕರೆಸುವಂತೆ ರೂತ್‌ಗೆ ಹೇಳಿದಳು. ಅವನು ಬಂದು ಬಾಗಿಲಿಗೆ ಒರಗಿದಾಗ ಮೇರಿಯನ್ ಮುಖ ತಿರುಗಿಸಿದಳು.

"ಕ್ಲಿಫರ್ಡ್, ಮೇಲೆ ಹೋಗಿ ಷವರ್ ಬಿಡಿ," ಎಂದಳು ಹಿಲ್ಡಾ. " ಬಿಸಿ ಬಂದ ಮೇಲೆ ತೋಳು ಒಡ್ಡಿ ನಿಲ್ಲಿ. ಬೇರೇನೂ ಬೇಡ."

"ಈ ಚಳೀಲಿ?"

"ತೋಳು ಮಾತ್ರ, ಕಣಯ್ಯಾ."

ಮೇಲಿನಿಂದ "ಬಿಸಿ ಬಂತು" ಎಂದು ಕ್ಲಿಫರ್ಡ್ ಕೂಗಿದ. ಹಿಲ್ಡಾ ಸಿಂಕಿನ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಕೊಂಚ ಹೊತ್ತಿಗೆ ಮೇಲಿನಿಂದ ಒಂದು ಚೀರು ಕೇಳಿತು.

"ಯಾರ್ರೀ ನಲ್ಲಿ ಬಿಟ್ಟಿದ್ದು? ಮಂಜು ಸುರಿದ ಹಾಗಾಯ್ತಲ್ರೀ!"

ಹಿಲ್ಡಾ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು.

"ಈ ಮನೇಲಿ ಈಗ ಟ್ಯಾಂಕಿಲ್ಲ. ಬಾಯ್ಲರ್ ಒಂದ್ಸಲಕ್ಕೆ ಒಂದು ನಲ್ಲಿಗಾಗೋಷ್ಟೇ ನೀರು ಕಾಯಿಸುತ್ತೆ. ಹತ್ತಿರದ ನಲ್ಲಿ ಬಿಟ್ರೆ ದೂರದ ಷವರಿಗೆ ಉಪವಾಸ. ಮೇರಿಯನ್ ಅಷ್ಟೂ ಹೊತ್ತು ಬಿಸಿನೀರಲ್ಲೇ ಉಜ್ಜಿದ್ದಾಳೆ. ಡ್ಯಾರನ್ ಹಿಡಿದ ಪೈಪ್ ತಣ್ಣಗಾಗಿದ್ದೂ ಅದಕ್ಕೇ. ಒಬ್ಬನ ಮಾತು ಇನ್ನೊಬ್ಬಳ ಮಾತಿಗೆ ಕೂಡುತ್ತೆ. ಲೆನರ್ಡ್, ನೀವು ಆ ನೀರಿನಡಿ ನಿಂತಿದ್ರೆ ಕ್ಲಿಫರ್ಡ್ ಹಾಗೇ ಚೀರಬೇಕಿತ್ತು. ನೀವು ಷವರ್ ಹರಿಯೋಕೆ ಬಿಟ್ಟು ಆಚೆ ಬಂದ್ರಿ. ನೀರಿನ ಸದ್ದು ಇದ್ರೆ ಒಳಗಿದ್ದೀರಿ ಅಂತ ಎಲ್ಲರೂ ತಿಳೀತಾರೆ, ನೆಲದ ಹಲಗೆ ಕಿರ್ ಅಂದ್ರೂ ಕೇಳಲ್ಲ. ಮೇರಿಯನ್ ಕೋಣೆ ಪಕ್ಕದಲ್ಲೇ ಇದೆ. ಡ್ಯಾರನ್ ಆಗಲೇ ಅಲ್ಲಿಗೆ ಹೋಗಿ ಬಂದಿದ್ರಿಂದ ಬೆರಳು ಯಾರ ಕಡೆ ಹೋಗುತ್ತೆ ಅಂತ್ಲೂ ಗೊತ್ತಿತ್ತು. ತಪ್ಪಿದ್ದು ಒಂದೇ ಕಡೆ: ನಿಮ್ಮ ತಲೇಲಿ ಹಳೇ ಟ್ಯಾಂಕೇ ತುಂಬಿ ಕೂತಿತ್ತು."

ಲೆನರ್ಡ್ ಪೇಪರು ಮಡಿಸಿದ. ಮತ್ತೆ ಮಡಿಸಿದ.

"ಅದು ನಮ್ಮಮ್ಮಂದು," ಎಂದ. "ಸಾಯೋವಾಗ್ಲೂ ಕೇಳಿದ್ಳು."

"ನನ್ ಹತ್ರ ಕೇಳ್ಬಹುದಿತ್ತಲ್ಲೋ," ಎಂದಳು ಮೇರಿಯನ್.

"ಕೇಳಿದ್ರೆ ಕೊಡ್ತಿದ್ಯಾ?"

ಕ್ಲಿಫರ್ಡ್ ಒದ್ದೆ ತೋಳಿನಲ್ಲೇ ಇಳಿದು ಬಂದ. ಲೆನರ್ಡ್ ಮೇಲೆ ಹೋಗಿ, ಗಡ್ಡ ಹೆರೆಯುವ ಸಾಮಾನಿನ ಚೀಲದಿಂದ ಬ್ರೂಚ್ ತಂದು ಮೇಜಿನ ಮೇಲಿಟ್ಟು, ಕೋಟು ಹುಡುಕತೊಡಗಿದ. ಬ್ರೂಚನ್ನು ಯಾರೂ ಮುಟ್ಟಲಿಲ್ಲ. ಸತ್ತವರ ವಸ್ತುಗಳು ಎಷ್ಟು ಚಿಕ್ಕವಾಗಿರುತ್ತವೆ ಎಂದು ರೂತ್ ಅಂದುಕೊಂಡಳು.

"ಪೊಲೀಸರಿಗೆ ಬೇಡ, ಹಿಲ್ಡಾ," ಎಂದಳು ಮೇರಿಯನ್. "ಮನೆ ಮಾತು, ಮನೇಲೇ ಇರ್ಲಿ."

"ಬ್ರೂಚ್ ನಿಂದು, ನಿನ್ನಿಷ್ಟ. ಡ್ಯಾರನ್ ಹೆಸರು ಮನೇಲಿ ಉಳಿದಿಲ್ಲ, ಬೀದೀಲಿದೆ."

"ಡ್ಯಾರನ್, ತಪ್ಪಾಯ್ತಪ್ಪಾ. ಕೂತ್ಕೋ, ಚಹಾ ಮಾಡ್ತೀನಿ."

"ಚಹಾ ಬೇಡ ಆಂಟಿ," ಎಂದ ಡ್ಯಾರನ್. ಬಾಗಿಲಿನಿಂದ ಅವನು ಕದಲಲಿಲ್ಲ.

ಮೇರಿಯನ್ ಹಿಲ್ಡಾಳ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು, ಹಜಾರಕ್ಕೆ ಹೋಗಿ ಫೋನಿನ ಮುಂದೆ ಕುಳಿತಳು.

"ಬೆರಿಲ್, ನಾನು ಮೇರಿಯನ್. ಇಲ್ಲ, ಸಿಕ್ತು. ಕದ್ದೋನು ಡ್ಯಾರನ್ ಅಲ್ಲ. ನಮ್ಮ ನೆಂಟನೇ." ಆಚೆಯವಳು ಏನೋ ಕೇಳಿದಳು. "ಹೌದು ಕಣೇ, ನಮ್ಮ ನೆಂಟನೇ. ಎಲ್ಲರಿಗೂ ಹೇಳು."

ಫೋನಿಟ್ಟು, ಉಸಿರು ಎಳೆದುಕೊಂಡು, ಮುಂದಿನ ನಂಬರನ್ನು ಒತ್ತತೊಡಗಿದಳು.