ಎರಡು ಸಲ ಹೊಲಿದ ಚೀಲ

ಮೂರೇ ದಿನದ ಜ್ವರದಲ್ಲಿ ಹೋದ ನನ್ನ ಗಂಡನ ಅಂತ್ಯಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಇನ್ನು ಮೇಲೆ ಅರ್ಧ ಲೀಟರ್ ಸಾಕು ಎಂದು ಹಾಲಿನವನಿಗೆ ಹೇಳಿ ತಿರುಗುವಷ್ಟರಲ್ಲಿ, ಪಕ್ಕದ ಬೀದಿಯ ಬಾತುಕೋಳಿಯವಳು ಖಾಲಿ ಮೇವಿನ ಚೀಲ ಹಿಡಿದು ಬಂದಳು.

"ಅರವತ್ತು ಮರಿ ಹೋದ್ವು. ಮೇವಲ್ಲಿ ಬೂಷ್ಟಿನ ವಿಷ ಇತ್ತಂತೆ. ನಿನ್ನ ಗಂಡ ಸಿಂಪಡಿಸೋದು ಮರೆತಿದ್ದ ಅಂತಾನೆ ಮಿಲ್ಲಿನ ಮ್ಯಾನೇಜರ್."

ಮಿಲ್ಲಿನಲ್ಲಿ ನನ್ನ ಗಂಡನ ಕೆಲಸ ಅದೇ ಆಗಿತ್ತು. ಬೂಷ್ಟು ಹಿಡಿದ ಮೆಕ್ಕೆಜೋಳದ ವಿಷ ಬೇಯಿಸಿದರೂ ಹೋಗುವುದಿಲ್ಲ. ಮೇವಿನ ಗುಳಿಗೆ ತಣ್ಣಗಾದ ಮೇಲೆ ಅವರು ಕಿಣ್ವದ ದ್ರಾವಣ ಸಿಂಪಡಿಸುತ್ತಿದ್ದರು. ಹಕ್ಕಿಯ ಹೊಟ್ಟೆಯಲ್ಲಿ ಆ ಕಿಣ್ವ ವಿಷವನ್ನು ಒಡೆಯುತ್ತಿತ್ತು. ಚೀಲದ ಚೀಟಿಯಲ್ಲಿ ಅವರ ಸಹಿ ಇತ್ತು.

ಅತ್ತೆ ಮೂವತ್ತು ವರ್ಷ ಉಗ್ರಾಣದಲ್ಲಿ ಧಾನ್ಯ ಪರೀಕ್ಷಿಸಿದವರು. ಕಳವಾಗಲಿ ಕಲಬೆರಕೆಯಾಗಲಿ, ಬೀದಿಯವರು ಅವರ ಬಳಿಗೇ ಬರುತ್ತಾರೆ. ಬೆನ್ನ ಹಿಂದೆ ಜರಡಿಯಮ್ಮ ಎನ್ನುತ್ತಾರೆ. ಅವರು ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಾಯಿಯ ಅಂಚಿನಲ್ಲಿ ಸೂಜಿತೂತುಗಳ ಎರಡು ಸಾಲು. ದಾರದ ಚೂರು ಒಂದರಲ್ಲಿ ಮಾತ್ರ.

"ಗುಳಿಗೆ ಹೇಗಿತ್ತು?"

"ಈ ಸಲ ಗಟ್ಟಿಯಾಗೇ ಇತ್ತು. ಮೊದಲು ಬಂದಿದ್ದು ಒಡೆದು ಬರೀ ಪುಡಿ. ಎರಡು ಚೀಲ ಹೇಗೋ ತಿನ್ನಿಸಿ, ಉಳಿದಿದ್ದನ್ನ ಮಿಲ್ಲಿಗೆ ವಾಪಸ್ ಕಳಿಸಿದ್ದೆ."

"ಪುಡಿ ತಿಂದಾಗ ಸತ್ತಿದ್ವಾ?"

"ಒಂದೂ ಇಲ್ಲ."

"ಅವರು ಮರೆಯೋರಲ್ಲ, ಅತ್ತೆ," ಎಂದೆ.

"ಮರೆತಿದ್ರೆ ಅದನ್ನೂ ಹೇಳ್ತೀನಿ. ಚಪ್ಪಲಿ ಹಾಕ್ಕೋ."

ಮಿಲ್ಲಿನಲ್ಲಿ ಗುಳಿಗೆ ಒತ್ತುವ ಯಂತ್ರ ಹಬೆ ಬಿಡುತ್ತಿತ್ತು. ಅದರ ಮಾಪಕ ಎಂಬತ್ತೈದು ಡಿಗ್ರಿ ತೋರಿಸುತ್ತಿತ್ತು. ಅತ್ತೆ ಮ್ಯಾನೇಜರನ್ನೂ ಯಂತ್ರದವನನ್ನೂ ಬಾತುಕೋಳಿಯವಳನ್ನೂ ಕಚೇರಿಯಲ್ಲಿ ಕೂರಿಸಿದರು.

"ಸತ್ತವರ ಬಗ್ಗೆ ಮಾತಾಡೋಕೆ ನನಗೂ ಇಷ್ಟ ಇಲ್ಲಮ್ಮ," ಎಂದ ಮ್ಯಾನೇಜರ್.

"ಚೀಲದ ಬಗ್ಗೆ ಮಾತಾಡಿ. ಎರಡು ಸಲ ಹೊಲಿದಿದೆ, ಅಂದ್ರೆ ನಡುವೆ ಬಿಚ್ಚಿದ್ದೀರಿ. ಪುಡಿಯಾಗಿ ವಾಪಸ್ ಬಂದದ್ದು ಗಟ್ಟಿ ಗುಳಿಗೆಯಾಗಿ ಹೋಯ್ತು, ಅಂದ್ರೆ ಹಬೆ ಕೊಟ್ಟು ಮತ್ತೆ ಒತ್ತಿದ್ದೀರಿ. ಅದೇ ಮೇವನ್ನ ಪುಡಿಯಾಗಿ ತಿಂದಾಗ ಮರಿ ಬದುಕಿದ್ವು. ಆಗ ಕಿಣ್ವ ಇತ್ತು. ಅಷ್ಟು ಬಿಸಿಯಲ್ಲಿ ಕಿಣ್ವ ಕೆಡುತ್ತೆ, ವಿಷ ಉಳಿಯುತ್ತೆ."

ಯಂತ್ರದವನು ನೆಲ ನೋಡಿದ. "ಒತ್ತು ಅಂದ್ರು, ಒತ್ತಿದೆ. ಅಣ್ಣ ಇದ್ದಿದ್ರೆ ಮತ್ತೆ ಸಿಂಪಡಿಸ್ತಿದ್ರು. ಅವತ್ತು ಅವರನ್ನ ಮಣ್ಣು ಮಾಡ್ತಿದ್ರಿ."

ಮ್ಯಾನೇಜರ್ ಕೊನೆಗೆ ಒಪ್ಪಿಕೊಂಡ: "ಅವನ ಹೆಸರು ಹೇಳಿದ್ರೆ ಯಾರಿಗೂ ನೋವಾಗಲ್ಲ ಅಂದ್ಕೊಂಡೆ."

ನೋವಾದವಳು ಇಲ್ಲೇ ಇದ್ದಾಳೆ ಎಂದು ಅತ್ತೆ ನನ್ನನ್ನು ತೋರಿಸಲಿಲ್ಲ. ನಡೆದದ್ದನ್ನು ಬರೆದು ಸಹಿ ಹಾಕುವಂತೆ ಕಾಗದ ಮುಂದಿಟ್ಟರು.

ಗೇಟಿನ ಹತ್ತಿರ ಬಾತುಕೋಳಿಯವಳು ತಡೆದು ತಡೆದು ಹೇಳಿದಳು: "ನಮ್ಮ ಏಣಿ ನಿಮ್ಮನೇಲೇ ಇದೆ. ಬಲ್ಬ್ ಹಾಕೋಕೆ ಅಂತ ನಿನ್ನ ಗಂಡ ಒಯ್ದಿದ್ದ. ಈ ಜಗಳದಲ್ಲಿ ಕೇಳೋಕೆ ಬಾಯಿ ಬರಲಿಲ್ಲ."

ಮರುದಿನ ಏಣಿಯನ್ನು ಹೆಗಲ ಮೇಲಿಟ್ಟು ಒಬ್ಬಳೇ ಹೋದೆ. ತಿರುವಿನಲ್ಲಿ ಹಿಂದಿನ ತುದಿ ಗೋಡೆಗೆ ತಾಗಿತು. ಅವಳು ಬಂದು ಇಳಿಸಿಕೊಂಡಳು.

"ಬಲ್ಬ್ ಹಾಕಿದ್ನಾ?"

"ಇಲ್ಲ. ಬೆಳಿಗ್ಗೆ ನಾನೇ ಹಾಕಿದೆ."

"ಏಣಿ ಯಾರು ಹಿಡ್ಕೊಂಡ್ರು?"

"ಅತ್ತೆ. ನಾನು ಇಳಿದ ಮೇಲೂ ಹಿಡ್ಕೊಂಡೇ ಇದ್ರು."