ಭಾವ ಸ್ಕೂಟರ್ ಎಂದ ವಿಮಾನ

ವಿಮಾನವನ್ನು ಸ್ಕೂಟರ್ ಎಂದು ಕರೆದ ಮಾತ್ರಕ್ಕೆ ಯಾರೂ ಭಾವನನ್ನು ಕೊಲ್ಲುವುದಿಲ್ಲ. ಈ ಭಾಮೈದನೂ ಅಷ್ಟು ಸಣ್ಣ ಮನಸ್ಸಿನವನಲ್ಲ. ವರ್ಷಗಟ್ಟಲೆ ಆ ಮಾತನ್ನು ನುಂಗಿಕೊಂಡಿದ್ದ. "ಏನೋ, ನಮ್ಮ ಸ್ಕೂಟರ್ ರೆಡಿನಾ?" ಎಂದು ಅಕ್ಕನ ಗಂಡ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದಾಗಲೆಲ್ಲ "ರೆಡಿ ಭಾವ" ಎಂದು ನಕ್ಕಿದ್ದ. ಕೊಲ್ಲಬೇಕೆಂದು ತೀರ್ಮಾನಿಸಿದ ಮೇಲೂ ಅವರನ್ನು ಒಮ್ಮೆಯೂ ಏಕವಚನದಲ್ಲಿ ನೆನೆಯಲಿಲ್ಲ. ಮನೆಯಲ್ಲಿ ಹಾಗೆ ಬೆಳೆಸಿದ್ದರು.

ಇಬ್ಬರು ಪಕ್ಕಪಕ್ಕದಲ್ಲಿ ಕೂರುವ ಪುಟ್ಟ ವಿಮಾನ ಅದು. ರೆಕ್ಕೆ ತಲೆಯ ಮೇಲೆ, ಚಕ್ರ ಮೂರು, ಬಾಗಿಲು ಡಬ್ಬಿಯ ಮುಚ್ಚಳದಷ್ಟು ತೆಳ್ಳಗೆ. ಇಬ್ಬರೂ ಸೇರಿ ಕೊಂಡದ್ದು ನಿಜ, ಸೇರಿ ನೋಡಿಕೊಂಡದ್ದು ಸುಳ್ಳು. ಎಂಜಿನ್ ಆಯಿಲ್ ಬದಲಿಸುವವನು ಇವನು. ಪ್ಲಗ್ ಬಿಚ್ಚಿ ಮಸಿ ಉಜ್ಜುವವನು, ಟೈರಿಗೆ ಗಾಳಿ ತುಂಬುವವನು, ಹಾರುವ ಮುನ್ನ ರೆಕ್ಕೆಯಡಿಯಿಂದ ತುಸು ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿ, ತಳದಲ್ಲಿ ನೀರಿನ ಹನಿ ಕೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವವನು ಇವನು. ಭಾವ ಬಂದು ಕೂರುವವರು. ಇಳಿದ ಮೇಲೆ ಬಾಗಿಲನ್ನು ಲಾರಿಯ ಬಾಗಿಲಿನಂತೆ ಬಡಿಯುವವರು. ಮುಂದಿನ ಗಾಜಿಗೆ ಹುಳು ಮೆತ್ತಿಕೊಂಡರೆ ಜೇಬಿನಿಂದ ಕರ್ಚೀಫು ತೆಗೆದು ಗುಂಡಗುಂಡಗೆ ಉಜ್ಜುವವರು. ಆ ಗಾಜನ್ನು ಒದ್ದೆ ಮಾಡಿ, ಮೆತ್ತನೆಯ ಬಟ್ಟೆಯಿಂದ, ಮೇಲಿನಿಂದ ಕೆಳಕ್ಕೆ ಮಾತ್ರ ಒರೆಸಬೇಕು. ಇಲ್ಲದಿದ್ದರೆ ಗೀರು ಬಿದ್ದು, ಬಿಸಿಲಿಗೆ ಎದುರಾದಾಗ ಏನೂ ಕಾಣುವುದಿಲ್ಲ. ಗಿಣಿಗೆ ಹೇಳಿದಂತೆ ಹೇಳಿದ್ದ. "ಆಯ್ತು ಬಿಡೋ, ಗಾಜು ತಾನೇ," ಎಂದಿದ್ದರು ಭಾವ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಯಾರೋ ವಿಮಾನದ ಪಾಲುದಾರರನ್ನು ನೋಡಿಯೇ ಕಟ್ಟಿರಬೇಕು.

ಇಷ್ಟನ್ನೆಲ್ಲ ಸಹಿಸಿದವನಿಗೆ ಸಹಿಸಲಾಗದ್ದು ಬಂದದ್ದು ಅಕ್ಕನ ಮನೆಯ ಊಟದ ಮೇಜಿನಲ್ಲಿ.

"ಸ್ಕೂಟರ್ ಮಾರ್ತಾ ಇದ್ದೀನಿ ಕಣೋ," ಎಂದರು ಭಾವ, ಕೈ ಒರೆಸಿಕೊಳ್ಳುತ್ತ. "ಹಾರೋದು ಕಲಿಸೋ ಸ್ಕೂಲಿನೋರು ಕೇಳಿದ್ರು. ಈ ತಿಂಗಳ ಕೊನೇಲಿ ಬಂದು ತಗೊಂಡು ಹೋಗ್ತಾರೆ."

"ನನ್ನನ್ನ ಒಂದು ಮಾತೂ ಕೇಳಲಿಲ್ವಲ್ಲ ಭಾವ?"

"ಕೇಳಿದ್ರೆ ಬೇಡ ಅಂತಿದ್ದೆ." ಭಾವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನೀನು ಮೇಲೆ ಹೋದಾಗಲೆಲ್ಲ ನಿಮ್ಮಕ್ಕ ಕಿಟಕಿ ಬಿಟ್ಟು ಅಲ್ಲಾಡಲ್ಲ. ನೀನು ಇಳಿದೆ ಅಂತ ಫೋನ್ ಬರೋವರೆಗೂ ಅವಳಿಗೆ ಒಂದು ತುತ್ತು ಇಳಿಯಲ್ಲ. ನನಗೂ ಅಷ್ಟೇ ಅಂದ್ಕೋ."

ಕೊನೆಯ ಮಾತನ್ನು ಅವನು ಒಗ್ಗರಣೆ ಎಂದು ತಳ್ಳಿಹಾಕಿದ. ಅವನ ಕಣ್ಣಿಗೆ ಕಂಡದ್ದು ಸ್ಕೂಲು. ಬೆಳಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೊಬ್ಬರು ಕಲಿಯುವವರು, ಒಬ್ಬೊಬ್ಬರೂ ವಿಮಾನವನ್ನು ನೆಲಕ್ಕೆ ಕುಕ್ಕುವವರೇ. ಸಾಕಿದ ಹಸುವನ್ನು ಕಟುಕನ ಅಂಗಡಿಗೆ ಹೊಡೆದಂತೆ. ಭಾವನ ಪಾಲು ದೊಡ್ಡದು, ಆದ್ದರಿಂದ ಮಾತೂ ಅವರದೇ. ಆದರೆ ಕೊಳ್ಳುವಾಗ ಇಬ್ಬರ ನಡುವೆ ಒಂದು ಕರಾರಾಗಿತ್ತು: ಇಬ್ಬರಲ್ಲಿ ಯಾರು ಮೊದಲು ಹೋದರೂ ವಿಮಾನ ಉಳಿದವರದು. ಅದನ್ನು ಸೂಚಿಸಿದವರು ಭಾವನೇ. ಯಾರು ಮೊದಲು ಹೋಗಬೇಕು ಎನ್ನುವುದನ್ನು ಸುಮ್ಮನೆ ಹಣೆಬರಹಕ್ಕೆ ಬಿಡುವುದು ಸೋಮಾರಿತನ ಎಂದು ಅವನಿಗೆ ಅನ್ನಿಸಿತು.

ಅಕ್ಕನ ವಿಷಯವನ್ನೂ ಯೋಚಿಸಿದ. ಯೋಚಿಸದಿರಲು ಅವನೇನು ಕಲ್ಲೇ? ಅಕ್ಕ ಅಳುತ್ತಾಳೆ. ಅವನೇ ಮುಂದೆ ನಿಂತು ಸಮಾಧಾನ ಹೇಳಬೇಕು, ತರಕಾರಿ ತಂದುಕೊಡಬೇಕು, ಕರೆಂಟ್ ಹೋದರೆ ಫ್ಯೂಸ್ ಹಾಕಿಕೊಡಬೇಕು. ಅದಕ್ಕೆಂದು ವಾರದಲ್ಲಿ ಎರಡು ಸಂಜೆಗಳನ್ನು ಮನಸ್ಸಿನಲ್ಲೇ ಎತ್ತಿಟ್ಟ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಉಪಾಯ ಅವನಿಗೆ ಹೊಳೆದದ್ದು ಎಂಜಿನ್ನಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದಾಗ. ವಿಮಾನದಲ್ಲಿ ಏನನ್ನಾದರೂ ಸಡಿಲಿಸಿ ಭಾವನನ್ನು ಹಾರಲು ಬಿಡುವುದು ಮೂರ್ಖರ ಕೆಲಸ. ಭಾವ ಹೋದರೆ ವಿಮಾನವೂ ಹೋಗುತ್ತದೆ. ಅವನಿಗೆ ಬೇಕಾದದ್ದೇ ವಿಮಾನ. ಭಾವನನ್ನು ನೆಲದ ಮೇಲೆಯೇ ಮುಗಿಸಬೇಕು, ಆ ಹೊತ್ತಿಗೆ ತಾನು ಆಕಾಶದಲ್ಲಿದ್ದೆನೆಂದು ಎಲ್ಲರೂ ನಂಬಬೇಕು. ಆಕಾಶದಲ್ಲಿದ್ದವನ ಮೇಲೆ ಯಾರು ಅನುಮಾನ ಪಡುತ್ತಾರೆ?

ಭಾನುವಾರ ಬಂತೆಂದರೆ ಭಾವ ಗುಡ್ಡಸಾಲಿನ ಆಚೆಯ ಕೆರೆಗೆ ಹೋಗಿ, ನೀರಿನೊಳಕ್ಕೆ ಚಾಚಿದ ಹಲಗೆಕಟ್ಟೆಯ ತುದಿಯಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಗಾಳ ಬಿಟ್ಟು ಕೂರುತ್ತಿದ್ದರು. ಮಾತಾಡಿದರೆ ಮೀನು ಬರುವುದಿಲ್ಲ ಎಂದು ಯಾರನ್ನೂ ಕರೆದೊಯ್ಯುತ್ತಿರಲಿಲ್ಲ. ಈಜು ಬಾರದು. ಮೊಣಕಾಲಿನವರೆಗಿನ ರಬ್ಬರ್ ಬೂಟು, ದಪ್ಪನೆಯ ಕೋಟು. ಈಜು ಬಾರದವನು ಸಾಯಲೆಂದೇ ಹೊಲಿಸಿಕೊಂಡ ಉಡುಪು. ವಿಮಾನದ ಮೈದಾನದಿಂದ ಅಲ್ಲಿಗೆ ರಸ್ತೆಯಲ್ಲಿ ಹೋಗಿಬರಲು ಗುಡ್ಡ ಸುತ್ತಿ ಸುತ್ತಿ ಅರ್ಧ ದಿನ ಬೇಕು. ವಿಮಾನದಲ್ಲಿ ಒಂದು ಜಿಗಿತ. ಕೆರೆಯ ಹತ್ತಿರವೇ, ಹಿಂದೆ ಬೆಳೆಗೆ ಔಷಧಿ ಹೊಡೆಯುವ ವಿಮಾನಗಳು ಇಳಿಯುತ್ತಿದ್ದ ಹುಲ್ಲಿನ ರನ್‌ವೇ ಹಾಳುಬಿದ್ದಿತ್ತು.

ಉಳಿದದ್ದು ಬಾಯಿಗಳನ್ನು ಮುಚ್ಚಿಸುವ ಕೆಲಸ. ಫೋನನ್ನು ಶೆಡ್ಡಿನ ಬೆಂಚಿನ ಮೇಲೆ ಚಾರ್ಜಿಗೆ ಹಾಕಿ ಮರೆತು ಹೋಗುವುದು. ವಿಮಾನ ಎಲ್ಲಿದೆ ಎಂದು ರೇಡಾರಿಗೆ ಹೇಳುವ ಪೆಟ್ಟಿಗೆಯನ್ನು ರಿಪೇರಿಗೆಂದು ಮೊದಲೇ ಬಿಚ್ಚಿ ಕಳಿಸಿದ್ದ. ಮಾತಾಡುವ ರೇಡಿಯೋದ ತಂತಿಯನ್ನು ಒಂದಿಷ್ಟು ಸಡಿಲಿಸಿ, ಬರೀ ಕರಕರ ಸದ್ದು ಎಂದು ವಾರವಿಡೀ ಸಿಕ್ಕವರಿಗೆಲ್ಲ ದೂರು ಹೇಳಿದ. ಮೈದಾನದ ರೇಡಿಯೋ ಕೋಣೆಯಲ್ಲಿ ಕೂರುವವನಿಗಂತೂ ಎರಡೆರಡು ಸಲ ಹೇಳಿದ. ಅವನನ್ನು ಎಲ್ಲರೂ ಕರೆಯುವುದೂ ರೇಡಿಯೋ ಎಂದೇ. ಅವನ ಕಿವಿಗೆ ಹಾಕಿದರೆ ಊರಿಗೆಲ್ಲ ಹಾಕಿದ ಹಾಗೆ.

ಭಾನುವಾರ ಬೆಳಿಗ್ಗೆ ಗಾಳಿ ಹದವಾಗಿತ್ತು. ಕೊಲೆಗೆ ಹೊರಟ ಮಾತ್ರಕ್ಕೆ ತಪಾಸಣೆ ಬಿಡಲಾಗುವುದಿಲ್ಲ. ರೆಕ್ಕೆಯ ಅಂಚಿನುದ್ದಕ್ಕೂ ಕೈಯಾಡಿಸಿದ, ಆಯಿಲ್ ಕಡ್ಡಿ ಎಳೆದು ನೋಡಿದ, ಪೆಟ್ರೋಲನ್ನು ಬೆಳಕಿಗೆ ಹಿಡಿದ. ಒಂದು ಹನಿ ನೀರಿರಲಿಲ್ಲ.

"ಎಲ್ಲಿಗೆ ಸವಾರಿ?" ಎಂದ ರೇಡಿಯೋ.

"ಉತ್ತರಕ್ಕೆ. ಗುಡ್ಡದ ಮೇಲೆ ಸುತ್ತಾಡ್ಕೊಂಡು ಊಟದ ಹೊತ್ತಿಗೆ ಬರ್ತೀನಿ. ಕರೆದ್ರೆ ಕೇಳಿಸಲ್ಲ, ಗಾಬರಿ ಆಗ್ಬೇಡ."

ಉತ್ತರಕ್ಕೇ ಹೋದ. ಮೈದಾನ ಗುಡ್ಡದ ಮರೆಗೆ ಸರಿದೊಡನೆ ತಗ್ಗಿನಲ್ಲಿ ದಕ್ಷಿಣಕ್ಕೆ ತಿರುಗಿದ. ಕೆರೆಯ ಹಿಂದಿನ ಮರಗಳ ಸಾಲು ಬಂದಾಗ ಎಂಜಿನ್ನನ್ನು ಪಿಸುಮಾತಿಗೆ ಇಳಿಸಿ, ಹಳೆಯ ರನ್‌ವೇಯ ಹುಲ್ಲಿನ ಮೇಲೆ ಚಕ್ರಗಳನ್ನು ಮೆಲ್ಲಗೆ ಇಟ್ಟ. ಇಳಿಸಿದ್ದು ಚೆನ್ನಾಗಿಯೇ ಇತ್ತು. ಆದರೆ ಕೊನೆಯಲ್ಲಿ, ಹುಲ್ಲಿನಡಿ ಮಳೆನೀರು ಕೊರೆದಿದ್ದ ಹಳ್ಳಕ್ಕೆ ಮುಂದಿನ ಚಕ್ರ ದಡಕ್ಕನೆ ಬಿತ್ತು. ವಿಮಾನ ಗುದ್ದಿ ನಿಂತಿತು. ಹಲ್ಲು ಹಲ್ಲಿಗೆ ಬಡಿಯಿತು, ಬೆಲ್ಟು ಹೆಗಲನ್ನು ಕಚ್ಚಿತು.

ಅವನು ಹೆದರಿಹೋದ. ತನಗಾಗಿ ಅಲ್ಲ, ವಿಮಾನಕ್ಕಾಗಿ. ಕೆಳಗಿಳಿದು ಚಕ್ರ ನೋಡಿದ, ಅದರ ಕಾಲು ನೋಡಿದ, ಪ್ರೊಪೆಲ್ಲರಿನ ತುದಿಗಳನ್ನು ಸವರಿದ, ಮಂಡಿಯೂರಿ ಹೊಟ್ಟೆಯಡಿ ಇಣುಕಿದ, ಮೂತಿಯ ಮುಚ್ಚಳ ಬಿಚ್ಚಿ ಎಂಜಿನ್ನಿನ ನಟ್ಟುಬೋಲ್ಟುಗಳನ್ನು ಒಂದೊಂದಾಗಿ ಅಲ್ಲಾಡಿಸಿದ. ಒಂದು ಗೀರೂ ಇರಲಿಲ್ಲ. "ಏನೂ ಆಗಿಲ್ಲಮ್ಮ," ಎಂದು ಅದರ ಮೈ ತಟ್ಟಿದ. ಬಾಲವನ್ನು ಒತ್ತಿ ಮುಂದಿನ ಚಕ್ರವನ್ನು ಹಳ್ಳದಿಂದ ಎತ್ತಿ, ಹಿಂದಕ್ಕೆಳೆದು, ಹೊರಡಲು ಸರಿಯಾಗಿ ತಿರುಗಿಸಿ ನಿಲ್ಲಿಸಿದ. ಇದಕ್ಕೆಲ್ಲ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಕೈಗವಸು ಹಾಕಿಕೊಂಡು ಮರಗಳ ನಡುವೆ ನಡೆದ.

ಭಾವ ಕೂತಿರುತ್ತಾರೆ ಎಂದುಕೊಂಡಿದ್ದ. ನಿಂತಿದ್ದರು. ಇವನಿಗೆ ಬೆನ್ನು ಹಾಕಿ, ಫೋನನ್ನು ಕಿವಿಗೊತ್ತಿಕೊಂಡು ಕೂಗಿ ಮಾತಾಡುತ್ತಿದ್ದರು. ಗಾಳಿಗೆ ಮಾತು ಕೇಳಿಸಲಿಲ್ಲ. ಕುರ್ಚಿ ಮಗುಚಿ ಬಿದ್ದಿತ್ತು, ಗಾಳದ ಕೋಲು ಹಲಗೆಗಳ ಮೇಲೆ ಅಡ್ಡಾದಿಡ್ಡಿ ಬಿದ್ದಿತ್ತು. ಅಪಘಾತಕ್ಕೆ ಬೇಕಾದ ಸಾಮಾನನ್ನೆಲ್ಲ ಭಾವನೇ ಜೋಡಿಸಿಟ್ಟ ಹಾಗಿತ್ತು. ಫೋನಿನಲ್ಲಿ ಮಾತಾಡುತ್ತ ಕುರ್ಚಿ ಎಡವಿ ನೀರಿಗೆ ಬಿದ್ದರು. ಇದಕ್ಕಿಂತ ಒಳ್ಳೆಯ ಕತೆಯನ್ನು ಅವನೂ ಕಟ್ಟಿರಲಿಲ್ಲ.

ಹಲಗೆ ಕಿರುಗುಟ್ಟಿತು. ಭಾವ ತಿರುಗಿದರು.

ಅವರು ಬೆಚ್ಚಿಬೀಳಬಹುದು, ಇಲ್ಲಿಗೇಕೆ ಬಂದೆ ಎಂದು ಕೇಳಬಹುದು. ಎರಡಕ್ಕೂ ಅವನು ಸಿದ್ಧನಾಗಿದ್ದ. ಆ ಮುಖ ಅರಳೀತೆಂದು ಮಾತ್ರ ಎಣಿಸಿರಲಿಲ್ಲ. ಭಾವನ ಕಣ್ಣಲ್ಲಿ ನೀರು ತುಂಬಿತ್ತು. ಫೋನಿಗೆ ಏನೋ ಕೂಗಿ ಹೇಳಿ, ಅದನ್ನು ಕೈಯಲ್ಲಿ ಹಿಡಿದೇ ಎರಡೂ ತೋಳು ಚಾಚಿ ಓಡಿ ಬಂದರು. "ಅಬ್ಬಾ! ನೀನು..." ಎಂದರು. ಅವನ ಕೈ ಒಂದು ಗಳಿಗೆ ತಡೆಯಿತು. ಯಾಕೆ ತಡೆಯಿತೋ ಅವನಿಗೇ ನಾಚಿಕೆಯಾಯಿತು. ಸ್ಕೂಲಿನವರನ್ನು ನೆನೆದ. ಪಕ್ಕಕ್ಕೆ ಸರಿದು, ಅವರು ಬಂದ ವೇಗಕ್ಕೇ ತನ್ನ ಎರಡೂ ಕೈಯ ಬಲ ಸೇರಿಸಿದ.

ಬೂಟು, ಕೋಟು ತಮ್ಮ ಕೆಲಸ ಮಾಡಿದವು. ಫೋನೂ ಅವರ ಜೊತೆಗೇ ಹೋಯಿತು. ನೀರು ಮತ್ತೆ ಮಟ್ಟಸವಾಗುವವರೆಗೂ ನಿಂತಿದ್ದು, ಬಂದ ದಾರಿಯಲ್ಲೇ ಮರಳಿದ.

ಹಿಂದಿರುಗುವಾಗ ವಿಮಾನ ಬೆಣ್ಣೆಯಲ್ಲಿ ಜಾರಿದ ಹಾಗೆ ಹಾರಿತು. ಇನ್ನು ಮೇಲೆ ಇದು ಅವನೊಬ್ಬನದೇ. ಗಾಜನ್ನು ಬದಲಿಸಿ ಹೊಸದು ಹಾಕಿಸಬೇಕು. ಆ ಅರಳಿದ ಮುಖ ಮಾತ್ರ ನಡುನಡುವೆ ಎದುರಿಗೆ ಬಂದು ಕಾಡಿತು. ಇಷ್ಟು ವರ್ಷದಲ್ಲಿ ಭಾವ ಅವನನ್ನು ಕಂಡು ಹಾಗೆ ಹಿಗ್ಗಿದ್ದೇ ಇಲ್ಲ. ದೊಡ್ಡ ಮೀನು ಬಿದ್ದಿರಬೇಕು, ತೋರಿಸಲು ಯಾರಾದರೂ ಸಿಕ್ಕರಲ್ಲ ಎಂಬ ಸಂತೋಷ. ಹಾಗೆಂದುಕೊಂಡ ಮೇಲೆ ಮನಸ್ಸು ಹಗುರವಾಯಿತು.

ಮೈದಾನದಲ್ಲಿ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಒಂದು ಆಂಬುಲೆನ್ಸೂ ನಿಂತಿತ್ತು. ಯಾರಿಗೋ ಏನೋ ಆಗಿರಬೇಕು. ಆಗಲಿ, ಸಾಕ್ಷಿಗಳು ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಂಡು ಅವನು ಮೈಯೆಲ್ಲ ಎಚ್ಚರವಾಗಿ, ನೋಡುವವರು ಮೆಚ್ಚುವ ಹಾಗೆ ಇಳಿಸಿದ. ಬಾಗಿಲು ತೆರೆಯುವಷ್ಟರಲ್ಲಿ ಅಕ್ಕ ಓಡಿ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಬಂದ್ಯೇನೋ! ಹೋದ ಜೀವ ಬಂತಲ್ಲೋ!" ಎಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಪೆಟ್ಟಾಗಿದ್ಯಾ? ಎಲ್ಲಿ, ತೋರಿಸು."

"ಪೆಟ್ಟು ಯಾಕಕ್ಕ?" ಎಂದ ಅವನು. ಇದಕ್ಕೆಂದೇ ಅಭ್ಯಾಸ ಮಾಡಿಕೊಂಡಿದ್ದ ನಗು ಸಲೀಸಾಗಿ ಬಂತು. "ಗುಡ್ಡದ ಮೇಲೆ ಸುತ್ತಾಡ್ತಿದ್ದೆ ಅಷ್ಟೇ. ಇಲ್ಲಿಂದ ಎದ್ದವನು ಇಲ್ಲೇ ಇಳಿದಿದ್ದೀನಿ. ಎಲ್ಲೂ ನಿಲ್ಲಿಸೇ ಇಲ್ಲ."

"ಮತ್ತೆ ನಿಮ್ಮ ಭಾವ ನಿನ್ನ ನೋಡಿದೆ ಅಂದ್ರಂತಲ್ಲೋ? ಬದುಕಿದ್ದಾನೆ, ನನ್ನ ಎದುರಿಗೇ ಬರ್ತಿದ್ದಾನೆ ಅಂತ ಕೆರೆ ಹತ್ರದಿಂದ ಇಲ್ಲಿಗೆ ಫೋನ್ ಮಾಡಿ ಕೂಗಿದ್ರಂತೆ. ರೇಡಿಯೋನೇ ಕಿವಿಯಾರೆ ಕೇಳಿದ್ದಾನೆ. ಆಮೇಲೆ ಏನೋ ಬಿದ್ದ ಸದ್ದಂತೆ, ಲೈನು ಹೋಯ್ತಂತೆ." ಅಕ್ಕ ಪಕ್ಕದ ಖಾಲಿ ಸೀಟನ್ನು ನೋಡಿದಳು. "ಅವರೆಲ್ಲೋ?"

ಅಷ್ಟರಲ್ಲಿ ರೇಡಿಯೋ ಸ್ಕ್ರೂಡ್ರೈವರ್ ಹಿಡಿದು ಬಂದ. ವಿಮಾನವನ್ನು ಸುತ್ತಿ ಹೋಗಿ, ಬಾಲದ ಪಕ್ಕದ ಪುಟ್ಟ ಮುಚ್ಚಳವನ್ನು ಸ್ಕ್ರೂ ತಿರುಗಿಸಿ ತೆಗೆದ. ಒಳಗೆ ಕಿತ್ತಳೆ ಬಣ್ಣದ ಪೆಟ್ಟಿಗೆಯೊಂದರ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ಹಾರಿಸಿದವನು ಸ್ವಿಚ್ ಇದ್ದದ್ದನ್ನೆಲ್ಲ ಆರಿಸಿದ್ದ. ಇದು ಸ್ವಿಚ್ ಒತ್ತಲು ಯಾರೂ ಉಳಿಯದ ಹೊತ್ತಿಗೆಂದೇ ಮಾಡಿದ್ದು: ವಿಮಾನ ನೆಲಕ್ಕೆ ಗುದ್ದಿದರೆ ತಾನಾಗಿ ಎಚ್ಚೆತ್ತು, ಬಿದ್ದ ಜಾಗವನ್ನು ಆಕಾಶಕ್ಕೆ ಕೂಗಿ ಹೇಳುತ್ತದೆ. ಕೂಗು ಕೇಳಿದ ರಕ್ಷಣೆಯವರು ಮಾಲೀಕ ಕೊಟ್ಟ ನಂಬರಿಗೆ ಫೋನ್ ಮಾಡುತ್ತಾರೆ. ಹಳ್ಳಕ್ಕೆ ಚಕ್ರ ಬಿದ್ದ ಗಳಿಗೆಯಿಂದ ಅದು ಕೂಗುತ್ತಲೇ ಇತ್ತು. ಅದನ್ನು ಹಾಕಿಸಿದ ದಿನ, ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂದು ಕೇಳಿದ್ದರು. ಎಷ್ಟು ಹೊತ್ತಿನಲ್ಲಿ ಕರೆದರೂ ಎದ್ದು ಓಡಿ ಬರುವವರು ಬೇರೆ ಯಾರೂ ನೆನಪಾಗದೆ, ಅವನು ಭಾವನ ನಂಬರನ್ನೇ ಕೊಟ್ಟಿದ್ದ.