ಗಾಲಿಗೊಂದು ಜಾಲಿ ತುಂಡು

ನಾಲೆಗೆ ಬೇಸಿಗೆ ನೀರು ಬಿಟ್ಟು ವಾರವಾಗಿತ್ತು. ಗುತ್ತೂರಿನ ಗದ್ದೆಗಳಲ್ಲಿ ಭತ್ತದ ನಾಟಿ ಶುರುವಾಗಿ, ಹೊತ್ತೇರುವ ಮೊದಲೇ ಹೆಂಗಸರು ಕೆಸರಿಗಿಳಿದಿದ್ದರು. ಗದ್ದೆಯ ಬದುವಿಗೆ ಹೊಂದಿಕೊಂಡೇ ಇದ್ದ ತಗಡಿನ ಶೆಡ್ಡಿನೊಳಗೆ ಸ್ಟೀಲು ಉಜ್ಜುವ ಮಷಿನ್ನು ಕಿರುಗುಡುತ್ತಿತ್ತು. ಹಾಲಿನ ಕ್ಯಾನು, ಡೇರಿಯ ಪೈಪು ಮಾಡುವ ಶೆಡ್ಡು ಅದು. ಈ ಸಲ ಮಾತ್ರ ನಡುವೆ ಹೊಸದೊಂದು ಗಾಡಿ ನಿಂತಿತ್ತು.

ಅಗಲ ಕಡಿಮೆ, ಎತ್ತರ ಸೊಂಟದವರೆಗೆ. ಒಳಗೆ ಎರಡು ಸ್ಟೀಲಿನ ಪೀಪಾಯಿ. ಒಂದಕ್ಕೆ ಮಸಾಲೆ ಮಜ್ಜಿಗೆ, ಇನ್ನೊಂದಕ್ಕೆ ಕೋಲ್ಡ್ ಕಾಫಿ. ಗ್ಯಾಸಿನ ಒತ್ತಡಕ್ಕೆ ಮೇಲಿನ ನಲ್ಲಿಯಿಂದ ನೊರೆನೊರೆಯಾಗಿ ಗ್ಲಾಸಿಗಿಳಿಯಬೇಕು. ಹಾರುವ ವಿಮಾನದಲ್ಲಿ, ಸೀಟುಗಳ ನಡುವಿನ ಸಂದಿಯಲ್ಲಿ ಅದನ್ನು ತಳ್ಳಿಕೊಂಡು ಹೋಗಿ ಕೊಡಬೇಕಾದವಳು ಶಾಂತಲಾ.

ಅವಳು ಇನ್ನೂ ಬಾಗಿಲಲ್ಲೇ ನಿಂತಿದ್ದಳು.

"ಬರ್ರಿ ಮೇಡಂ, ದೂರ ಯಾಕ ನಿಂತ್ರಿ?" ಶೆಡ್ಡಿನ ಮಾಲೀಕ ವಿಜಯಕುಮಾರ್ ಕರೆದರು. "ಇವ್ನು ಪರಶುರಾಮ್. ಗಾಡಿ ಪೂರಾ ಇವನ ಕೈಕೆಲಸ. ಹೆಂಗೂ ನೀವು ದಾವಣಗೆರೆಯಾಗೆ ರಜಾದ ಮ್ಯಾಲೆ ಇದ್ದೀರಂತ, ನಿಮಗೇ ತೋರ್ಸಿ ಓಕೆ ಮಾಡಿಸ್ಕೊಳ್ರಿ ಅಂದಾರೆ ವಿಮಾನ ಕಂಪನಿಯೋರು."

ಪರಶುರಾಮ್ ತಲೆಯೆತ್ತಿದ. ರೆಪ್ಪೆಯ ಮೇಲೆ ಸ್ಟೀಲಿನ ಪುಡಿ ಕೂತು ಮಿನುಗುತ್ತಿತ್ತು. ಶಾಂತಲಾ ಅದನ್ನು ನೋಡಿದಳು, ಕೂಡಲೇ ಗಾಲಿಯ ಕಡೆ ಕಣ್ಣು ತಿರುಗಿಸಿದಳು.

"ಬ್ರೇಕ್ ಎಲ್ಲಿ?"

"ಎರಡೂ ಕಡೆ ಐತ್ರಿ. ಕೆಂಪು ಪೆಡಲು ಒತ್ತಿದ್ರೆ ಹಿಡಿತೈತೆ, ಹಸಿರು ಒತ್ತಿದ್ರೆ ಬಿಡ್ತೈತೆ. ಮೊದ್ಲು ನಲ್ಲಿ ನೋಡ್ರಿ. ಗ್ಲಾಸು ಓರೆ ಹಿಡೀಬೇಕು."

ಅವಳು ತೋಳು ಉದ್ದ ಮಾಡಿ, ದೂರದಿಂದಲೇ ನಲ್ಲಿ ಮುಟ್ಟಿದಳು. "ಬ್ರೇಕ್ ಪಕ್ಕಾ ಹಿಡಿತೈತಾ?"

"ಹಿಡಿತೈತ್ರಿ."

"ತುಂಬಿದಾಗ್ಲೂ?"

ಪರಶುರಾಮನಿಗೆ ಚುಚ್ಚಿದಂತಾಯಿತು. ಅಷ್ಟು ದಿನ ಕೂತು ಮಾಡಿದ ಕೆಲಸವನ್ನು ಇವಳು ಮೂಗು ಮುರಿದುಕೊಂಡು ನೋಡುತ್ತಿದ್ದಾಳೆ ಅನ್ನಿಸಿತು. "ಹತ್ರ ಬಂದು ನೋಡ್ರಲ್ಲಾ. ಮುಟ್ಟಿದ್ರೆ ಕೈಯೇನು ಸವೆಯಲ್ಲ," ಎಂದು ನಕ್ಕು, ಹಸಿರು ಪೆಡಲು ಒತ್ತಿ, ಗಾಡಿಯನ್ನು ಅವಳ ಕಡೆ ಮೆಲ್ಲಗೆ ನೂಕಿದ.

ಶಾಂತಲಾ ಕಿರುಚಿದಳು.

ಹಿಂದಕ್ಕೆ ನೆಗೆದವಳು ಕ್ಯಾನಿನ ಸಾಲಿಗೆ ಬಡಿದಳು, ಕ್ಯಾನುಗಳು ಉರುಳಾಡಿದವು. ಮಷಿನ್ನು ನಿಂತಿತು. ಗದ್ದೆಯಲ್ಲಿ ಬಗ್ಗಿದ್ದ ಹೆಂಗಸರೂ ಸೊಂಟ ನೆಟ್ಟಗೆ ಮಾಡಿ ಇತ್ತ ನೋಡಿದರು. ಗಾಡಿ ಒಂದು ಮಾರು ದೂರದಲ್ಲಿ ತಾನಾಗಿಯೇ ನಿಂತಿತ್ತು. ಅವಳು ಮಾತ್ರ ಗೋಡೆಗೆ ಬೆನ್ನು ಒತ್ತಿಕೊಂಡು ಬಲಗಾಲನ್ನು ಎಳೆದುಕೊಂಡಿದ್ದಳು. ಹಿಮ್ಮಡಿಯ ಮೇಲೆ ಹೊಲಿಗೆಯ ಗುರುತು ಕಂಡಿತು.

ಪರಶುರಾಮನ ನಗು ಬಿದ್ದುಹೋಯಿತು. ಅವನು ಹೊರಗೆ ಹೋಗಿ ಎರಡು ಕಲ್ಲು ತಂದು, ಮಂಡಿಯೂರಿ, ಗಾಡಿಯ ಗಾಲಿಗಳಿಗೆ ಇಟ್ಟ.

"ಇನ್ನು ಬರಲ್ಲ ಅದು," ಅಂದ.

*

ಮರುದಿನ ಅವಳು ತಾನಾಗಿಯೇ ಬಂದಳು. ಭತ್ತದ ಮೂಟೆ ಟ್ರಾಕ್ಟರಿಗೆ ಏರಿಸುವ ಅಗಲದ ಹಲಗೆಯನ್ನು ಅವನು ಶೆಡ್ಡಿನ ಹಿಂದೆ ಇಳಿಜಾರಾಗಿ ಹಾಸಿದ್ದ. ಮೇಲೆ ಗಾಡಿ, ಗಾಲಿಗೆ ಕಲ್ಲು.

"ಇದೇನು?"

"ವಿಮಾನ," ಅಂದ ಪರಶುರಾಮ್. "ಮೂತಿ ಆ ಕಡೆ, ಬಾಲ ಈ ಕಡೆ. ಟಿಕೆಟ್ ಇಲ್ಲ, ಬರ್ರಿ."

ಅವಳಿಗೆ ನಗು ಬಂತು. ನಗು ಬಂದದ್ದೇ, ಹೇಳಬಾರದೆಂದು ಇಟ್ಟುಕೊಂಡದ್ದನ್ನು ಹೇಳಿಬಿಟ್ಟಳು. ಇಳಿಯುತ್ತಿದ್ದ ವಿಮಾನ ಒಮ್ಮೆಲೇ ಮತ್ತೆ ಮೇಲಕ್ಕೆ ಎದ್ದಿತ್ತು. ಟ್ರಾಲಿ ಇಡುವ ಮುಂದಿನ ಗೂಡಿನ ಚಿಲಕ ಬಿದ್ದಿರಲಿಲ್ಲ. ತುಂಬಿದ ಟ್ರಾಲಿ ಸಂದಿಯುದ್ದಕ್ಕೂ ಉರುಳಿ ಬಂದು, ಬಾಲದಲ್ಲಿ ನಿಂತಿದ್ದ ಅವಳ ಪಾದವನ್ನು ಬಾಗಿಲಿಗೆ ಒತ್ತಿ ಮುರಿದಿತ್ತು.

"ಮೂಳೆ ಕೂಡ್ತು. ಆದ್ರೆ ಗಾಲಿ ಸಪ್ಪಳ ಕೇಳಿದ್ರೆ ಕಾಲು ಮರಗಟ್ತೈತೆ. ನಮ್ಮ ಬೀದಿಯಾಗೆ ತರಕಾರಿ ಗಾಡಿ ಬಂದ್ರೂ ಒಳಗೆ ಓಡ್ತೀನಿ. ಮನೆಯಾಗೂ ಹೇಳಿಲ್ಲ."

"ಕಂಪನಿಯೋರಿಗೆ?"

"ಹೆದರಿಕೆ ಐತೆ ಅಂದ್ರೆ ಮತ್ತೆ ಹತ್ತಿಸಲ್ಲ. ಎಲ್ಲೋ ಕೌಂಟರಿನಾಗೆ ಬ್ಯಾಗ್ ತೂಕ ಮಾಡಾಕೆ ಕೂಡ್ರಿಸ್ತಾರೆ. ಸೋಮವಾರ ಹುಬ್ಬಳ್ಳಿಯಿಂದ ಹೊರಡೋ ಫ್ಲೈಟಿನಾಗೆ ಈ ಗಾಡಿದು ಟ್ರಯಲ್. ನಾನು ಬಾಲದ ಕಡೆ ನಿಲ್ಲಬೇಕು. ಮೂತಿ ಎತ್ತಿದ್ರೆ ಗಾಡಿ ಮ್ಯಾಲೆ, ನಾನು ಕೆಳಗೆ. ಚೆಕ್ ಮಾಡೋ ಆಫೀಸರ್ ಬರ್ತಾರೆ. ಅವತ್ತು ಕಾಲು ಮರಗಟ್ಟಿದ್ರೆ ಮುಗೀತು."

ಪರಶುರಾಮ್ ಹಲಗೆಯ ಕೆಳತುದಿಗೆ ಹೋಗಿ ನಿಂತ. ತುಂಬಿದ ಗಾಡಿ ನೇರ ಅವನ ಮೊಣಕಾಲಿನ ಎದುರಿಗೆ.

"ಕೆಂಪು ಒತ್ತಿ, ಕಲ್ಲು ತೆಗೀರಿ," ಅಂದ.

"ಬ್ಯಾಡ್ರಿ!"

"ತೆಗೀರಿ. ನೀವು ಮ್ಯಾಲೆ, ನಾನು ಕೆಳಗೆ. ಹೆದರಿಕೆ ನನ್ನದು, ನಿಮ್ಮದಲ್ಲ."

ಅವಳು ಪಾದದಿಂದ ಕೆಂಪು ಒತ್ತಿ, ಕಲ್ಲು ಸರಿಸಿದಳು. ಗಾಡಿ ಕದಲಲಿಲ್ಲ. ಅವನೂ ಕದಲಲಿಲ್ಲ, ಕಣ್ಣು ಮಾತ್ರ ಅವಳ ಮೇಲಿತ್ತು. ಎಷ್ಟು ಹೊತ್ತು ಹಾಗೆ ನೋಡಿಕೊಂಡರೋ, ಗದ್ದೆಯಿಂದ ಯಾರೋ ಹೆಂಗಸು "ಪರಶ್ಯಾ, ವಿಮಾನ ಬಿಡ್ತೋ ಇಲ್ಲೋ?" ಎಂದು ಕೂಗಿದಾಗ ಇಬ್ಬರೂ ಬೆಚ್ಚಿದರು.

"ನೀವು ಹೆದರಲಿಲ್ವಾ?" ಅವಳು ಕೇಳಿದಳು.

"ಹೆದರಿದ್ದೆ. ಅಂಗಿ ಒದ್ದೆಯಾಗೈತೆ ನೋಡ್ರಿ."

ಆದರೆ ಅವಳು ಕೆಳಗೆ ನಿಲ್ಲುವ ಸರದಿ ಬಂದಾಗ ಆಗಲಿಲ್ಲ. ಆ ದಿನವೂ ಆಗಲಿಲ್ಲ, ಮಾರನೆಯ ದಿನವೂ ಇಲ್ಲ. ಹಲಗೆಯ ತುದಿಗೆ ಬರುತ್ತಿದ್ದಳು, ಗಾಡಿಯನ್ನು ತಲೆಯೆತ್ತಿ ನೋಡುತ್ತಿದ್ದಳು, ಬಾಯಿ ಒಣಗಿ ಪಕ್ಕಕ್ಕೆ ಸರಿಯುತ್ತಿದ್ದಳು. ಅವನು "ಆಗಲಿ ಬಿಡ್ರಿ" ಎಂದು ಕಲ್ಲು ಇಟ್ಟು, ನಲ್ಲಿಯ ಪಾಠ ಮಾಡುತ್ತಿದ್ದ.

"ಮ್ಯಾಲೆ ಗಾಳಿ ತೆಳ್ಳಗಿರ್ತೈತಂತೆ. ನೊರೆ ಜಾಸ್ತಿ ಬರ್ತೈತೆ. ಅವಸರ ಮಾಡಬ್ಯಾಡ್ರಿ. ಅರ್ಧ ಬಿಟ್ಟು ಕಾಯ್ರಿ. ನೊರೆ ಕೂತ ಮ್ಯಾಲೆ ಉಳಿದದ್ದು."

"ಎಲ್ಲದಕ್ಕೂ ಇಷ್ಟೇ ಕಾಯ್ತೀರಾ ನೀವು?"

ಪರಶುರಾಮ್ ಗ್ಲಾಸನ್ನು ಬೆಳಕಿಗೆ ಹಿಡಿದ. "ಕಾಯೋದ್ರಾಗೆ ನಷ್ಟ ಏನೈತ್ರಿ?" ಅವಳು ನೋಡುತ್ತಿದ್ದಾಳೆಂದು ಗೊತ್ತಿದ್ದೂ ಅವನು ಗ್ಲಾಸಿನಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಕೊನೆಯ ದಿನ ಅವನ ತಾಯಿ ಕಮಲಕ್ಕ ನಾಟಿಯಿಂದ ಎದ್ದು, ಕೆಸರು ಕಾಲಲ್ಲೇ ಬುತ್ತಿ ತಂದಳು. ಗಾಡಿಯ ಸುತ್ತ ಒಂದು ಸುತ್ತು ಬಂದಳು.

"ಮಜ್ಜಿಗೆ ಮಾರ್ತಾರೇನವ್ವ ಇದ್ರಾಗೆ? ಹಾಲು ಮಾರಬಹುದು, ಬೆಣ್ಣೆ ಮಾರಬಹುದು. ಮಜ್ಜಿಗೆ ಕೇಳಿದೋರಿಗೆ ಸುಮ್ನೆ ಕೊಡಬೇಕು."

"ಈ ಸಲ ಸುಮ್ನೇ ಕೊಡೋದು ಕಮಲಕ್ಕ, ಟ್ರಯಲ್."

"ಹಂಗಾದ್ರೆ ನಿಂಗೇನೂ ಆಗಲ್ಲ ಬಿಡು." ಅವಳು ಶಾಂತಲಾಳ ತಣ್ಣನೆಯ ಕೈ ಹಿಡಿದು ನೋಡಿದಳು, ಆಮೇಲೆ ಮಗನ ಮುಖ ನೋಡಿದಳು. "ಲೋ, ದೂರ ಹೋಗೋರಿಗೆ ಏನಾರ ಕೊಡೋದಾದ್ರೆ ಉಡುಗೊರೆ ಕೊಡಬ್ಯಾಡ. ಕಡ ಕೊಡು. ಉಡುಗೊರೆ ತಗೊಂಡೋರು ಹೋಗ್ತಾರೆ. ಕಡ ತಗೊಂಡೋರು ತಿರುಗಿ ಬರ್ತಾರೆ."

ಶಾಂತಲಾ ಬಸ್ಸಿಗೆ ಹೊರಟಾಗ ಪರಶುರಾಮ್ ಹಿಂದೆಯೇ ಬಂದ. ಅಂಗೈಯಲ್ಲಿ ಬೆಣೆಯ ಹಾಗೆ ಕೆತ್ತಿದ ಒಂದು ಕಟ್ಟಿಗೆಯ ತುಂಡು. ಮೂಲೆಯೆಲ್ಲ ಉಜ್ಜಿ ನುಣುಪು ಮಾಡಿದ್ದ.

"ಜಾಲಿ ಕಟ್ಟಿಗೆ. ನಮ್ಮಜ್ಜನ ಬಂಡಿ ಗಾಲೀದು. ಬಂಡಿ ಹೊಡೆಯೋರು ಏರಿನಾಗೆ ನಿಲ್ಲಿಸಿದ್ರೆ ಎತ್ತನ್ನೂ ನಂಬಲ್ಲ, ಗಾಲಿಗೆ ಅಡ್ಡ ಏನಾರ ಕೊಟ್ಟೇ ಕೆಳಗಿಳಿಯೋದು." ಅವನು ಅದನ್ನು ಅವಳ ಕೈಗೆ ಹಾಕಿದ. ಬೆರಳು ಬೇಗ ಬಿಡಲಿಲ್ಲ. "ಇದು ಕಡ. ವಾಪಸ್ ತರಬೇಕು."

"ತರದಿದ್ರೆ?"

ಅವನು ನಗಲಿಲ್ಲ. "ಹಂಗನ್ನಬ್ಯಾಡ್ರಿ."

*

ಸೋಮವಾರ ಹುಬ್ಬಳ್ಳಿಯಲ್ಲಿ ಬಿಸಿಲು ಬಿದ್ದಿತ್ತು. ಸೆಕ್ಯೂರಿಟಿಯ ಹೆಂಗಸು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನ್ರೀ?" ಅಂದಳು. "ಗಾಲಿಗೆ ಕೊಡೋದು," ಅಂದಳು ಶಾಂತಲಾ. ಆಕೆ ಹಳ್ಳಿಯವಳೇ ಇರಬೇಕು, ಸುಮ್ಮನೆ ವಾಪಸ್ ಕೊಟ್ಟಳು.

ವಿಮಾನ ಎತ್ತರಕ್ಕೆ ಏರಿ ಸೀಟುಬೆಲ್ಟಿನ ದೀಪ ಆರಿದಾಗ, ಗಾಡಿಯನ್ನು ಹೊರಗೆ ತಂದರು. ಮೂತಿಯ ಕಡೆ ಜೊತೆಗಾತಿ ಆಲಿಯಾ, ಬಾಲದ ಕಡೆ ಶಾಂತಲಾ. ಮುಂದಿನ ಸಾಲಿನಲ್ಲಿ ಚೆಕ್ ಮಾಡುವ ಆಫೀಸರ್ ಕೂತಿದ್ದರು. ವಿಮಾನ ನೇರ ಹಾರುವಾಗಲೂ ಮೂತಿ ಕೊಂಚ ಮೇಲಿರುತ್ತದೆ. ಪ್ರಯಾಣಿಕರಿಗೆ ಅದು ತಿಳಿಯುವುದಿಲ್ಲ. ಶಾಂತಲಾಳ ಹಿಮ್ಮಡಿಗೆ ತಿಳಿಯುತ್ತಿತ್ತು.

ಗಾಡಿಯ ಗಾಲಿ ಕಿರ್ ಎಂದಿತು. ಬೆನ್ನಿನಲ್ಲಿ ಬೆವರು ಇಳಿಯಿತು.

"ಶಾನು, ಮುಖ ಬೆಳ್ಳಗಾಗೈತೆ," ಆಲಿಯಾ ಪಿಸುಗುಟ್ಟಿದಳು.

"ಪೌಡರ್ ಜಾಸ್ತಿ ಆಯ್ತು. ನೂಕು."

ನಲ್ಲಿ ತಿರುಗಿಸಿದಾಗ ಅವನು ಹೇಳಿದಂತೆಯೇ ಆಯಿತು. ಗ್ಲಾಸಿನ ತುಂಬ ಬರೀ ನೊರೆ. ಕೊಟ್ಟೂರಪ್ಪ ಎಂಬ ದಾವಣಗೆರೆಯ ಹಿರಿಯರೊಬ್ಬರು ಗ್ಲಾಸನ್ನು ಕಿವಿಗಿಟ್ಟು ಕೇಳಿದರು. "ಏನವ್ವ, ಸೋಪಿನ ನೀರು ಕೊಟ್ಟಂಗೈತಲ್ಲಾ? ಮಜ್ಜಿಗೆ ಯಾವಾಗ ಬರ್ತೈತೆ?"

"ಒಂಚೂರು ಕಾಯ್ರಿ ಅಜ್ಜಾರೆ. ನೊರೆ ಕೂಡ್ರಲಿ."

ಕಾದಳು. ಓರೆ ಹಿಡಿದು ಉಳಿದದ್ದನ್ನು ತುಂಬಿದಳು. ಅಜ್ಜ ಒಂದು ಗುಟುಕು ಕುಡಿದು, ಮೀಸೆಯ ನೊರೆ ಒರೆಸಿಕೊಂಡು, "ಹೂಂ. ಶುಂಠಿ ಐತೆ," ಎಂದು ಒಪ್ಪಿಕೊಂಡರು.

ಆಗ ವಿಮಾನ ಬಿದ್ದಿತು.

ನಿಜಕ್ಕೂ ಬಿದ್ದಿರಲಿಲ್ಲ, ಗಾಳಿಯ ಗುಂಡಿಯೊಂದಕ್ಕೆ ಇಳಿದು, ಮತ್ತೆ ಮೂತಿ ಎತ್ತಿತು. ಯಾರೋ ಚೀರಿದರು. ಆಯ ತಪ್ಪಿದ ಆಲಿಯಾ ಪಕ್ಕದ ಸೀಟಿನ ಮೇಲೆ ಬಿದ್ದಳು. ಬೀಳುವಾಗ ಅವಳ ಬೂಟು ಹಸಿರು ಪೆಡಲಿನ ಮೇಲೆ ಊರಿತು. ಎರಡು ತುಂಬಿದ ಪೀಪಾಯಿಯ ಗಾಡಿ ಒಮ್ಮೆ ನಡುಗಿ ಶಾಂತಲಾಳ ಕಡೆ ಹೊರಳಿತು.

ಕಾಲು ಮರಗಟ್ಟಿತು. ಅವಳಿಗೆ ಗೊತ್ತಿದ್ದ ಹಾಗೆಯೇ. ಕೆಂಪು ಪೆಡಲು ಒಂದು ಗೇಣು ದೂರದಲ್ಲಿತ್ತು, ಪಾದ ಅವಳದಾಗಿರಲಿಲ್ಲ. ಹಿಂದೆ ಸಂದಿ, ಸಂದಿಯ ತುದಿಯಲ್ಲಿ ಅದೇ ಬಾಗಿಲು. ಪಕ್ಕಕ್ಕೆ ಸರಿದರೆ ತಾನು ಉಳಿಯಬಹುದು. ಹಿಂದಿನ ಸಾಲಿನಲ್ಲಿ ಅಜ್ಜಿಯೊಬ್ಬಳು ಊದಿದ ಕಾಲನ್ನು ಸಂದಿಗೆ ಚಾಚಿ ನಿದ್ದೆ ಹೋಗಿದ್ದಳು.

ಕಾಲು ಕೇಳಲಿಲ್ಲ, ಕೈ ಕೇಳಿತು. ಏಪ್ರನ್ನಿನ ಜೇಬಿನಲ್ಲಿ ಜಾಲಿ ತುಂಡು ಸಿಕ್ಕಿತು. ನಿಲ್ಲಲಾಗದ ಮಂಡಿಗಳು ಮಡಚಿಕೊಂಡವು. ಮಡಚಿಕೊಂಡ ಮಂಡಿಯ ಮೇಲೆಯೇ ಕೂತು, ಎಡಭುಜವನ್ನು ಗಾಡಿಗೆ ಕೊಟ್ಟು, ತುಂಡನ್ನು ಗಾಲಿಗೆ ತುರುಕಿದಳು. ಕಟ್ಟಿಗೆ ಕರಕ್ ಎಂದಿತು. ಗಾಲಿ ಅದನ್ನು ಕಚ್ಚಿ, ಏರಲು ನೋಡಿ, ಸೋತು ನಿಂತಿತು.

ಅವಳು ಕೈಯಿಂದಲೇ ಕೆಂಪು ಪೆಡಲು ಒತ್ತಿದಳು.

ಎದ್ದು ಬಂದ ಆಫೀಸರ್ ಮಂಡಿಯೂರಿದ್ದ ಅವಳನ್ನೂ ಗಾಲಿಯನ್ನೂ ನೋಡಿದರು. "ಇದು ಯಾವ ಮ್ಯಾನ್ಯುಯಲ್ಲಿನಲ್ಲಿದೆ?"

"ಗುತ್ತೂರಿಂದ್ರಿ," ಅಂದಳು. "ಸರ್, ನನಗೆ ಹೆದರಿಕೆ ಐತೆ. ಬಹಳ ಐತೆ. ಕಾಲು ಬರಲಿಲ್ಲ. ಬರಕೊಳ್ರಿ."

ಅವರು ಜೇಬಿನಿಂದ ಪೆನ್ನು ತೆಗೆದರು. "ಸರಿದು ಹೋಗಬಹುದಿತ್ತು ನೀವು. ಸರಿಯಲಿಲ್ಲ. ಅದನ್ನೂ ಬರ್ಕೊಳ್ತೀನಿ," ಅಂದರು.

*

ಅವಳು ಗುತ್ತೂರಿಗೆ ಬಂದಾಗ ನಾಟಿ ಮುಗಿದು, ಸಸಿಗಳು ಬೇರು ಹಿಡಿದು ಹಸಿರಾಗುತ್ತಿದ್ದವು. ಅವಳ ಕೆಲಸ ಉಳಿದಿತ್ತು, ಹೆದರಿಕೆ ಇಳಿಯುವ ತನಕ ಮೂತಿಯ ಕಡೆಯೇ ನಿಲ್ಲಬೇಕೆಂದು ಹೇಳಿದ್ದರು. ಶೆಡ್ಡಿನ ಬಾಗಿಲಲ್ಲಿ ಅವಳು ಸುಮ್ಮನೆ ನಿಂತುಬಿಟ್ಟಳು.

ಕ್ಯಾನು ಸಾಗಿಸುವ ತಳ್ಳುಗಾಡಿಯ ಗಾಲಿಗೆ ಕಲ್ಲು. ಟ್ರಾಕ್ಟರಿನ ಟ್ರೇಲರಿಗೆ ಕಲ್ಲು. ಕಂಪ್ರೆಸರಿನ ಪುಟ್ಟ ಗಾಲಿಗಳಿಗೆ ಸಣ್ಣ ಸಣ್ಣ ಕಲ್ಲು.

"ಸೋಮವಾರ ಬೆಳಿಗ್ಗೆಯಿಂದ ಹಿಂಗೇ ಮೇಡಂ," ವಿಜಯಕುಮಾರ್ ಗೋಳಾಡಿದರು. "ತೆಗೀಬ್ಯಾಡ್ರಿ ಅಂತಾನೆ. ಕೆಲಸ ಬ್ಯಾರೆ ಇಲ್ಲ, ಮೋಡ ನೋಡೋದು, ಕಲ್ಲಿಡೋದು. ನನ್ನ ಸ್ಕೂಟರಿಗೂ ಇಟ್ಟಾನೆ! ಗೊತ್ತಿಲ್ದೆ ಎಕ್ಸಲೇಟರ್ ಕೊಟ್ಟು ಬೀಳೋದೊಂದು ಬಾಕಿ."

ಪರಶುರಾಮ್ ಕೈ ಒರೆಸಿಕೊಳ್ಳುತ್ತ ಬಂದ. ಕಣ್ಣುಗಳು ಒಳಗೆ ಹೋಗಿದ್ದವು. ರೆಪ್ಪೆಯ ಮೇಲೆ ಅದೇ ಸ್ಟೀಲಿನ ಪುಡಿ. ಈ ಸಲ ಅವಳು ಗಾಲಿಯ ಕಡೆ ನೋಡಲಿಲ್ಲ.

"ಯಾಕ್ರಿ ಇವೆಲ್ಲ?" ಕೇಳಿದಳು.

"ನೀವು ಯಾವ ಗಾಲಿ ಮುಂದೆ ನಿಂತಿದ್ರೋ ನನಗೇನು ಗೊತ್ತು? ಕೈಗೆ ಸಿಕ್ಕಿದ್ದಕ್ಕೆಲ್ಲಾ ಇಟ್ಟೆ."

ಅವಳು ಜೇಬಿನಿಂದ ತುಂಡು ತೆಗೆದಳು. ಗಾಲಿ ಕಚ್ಚಿದ ಜಾಗದಲ್ಲಿ ಆಳವಾದ ಗೀರು. ಅವನು ಆ ಗೀರಿನ ಮೇಲೆ ಹೆಬ್ಬೆರಳು ಓಡಿಸಿದ, ಎಲ್ಲ ತಿಳಿಯಿತು. ಅವನ ಕೈ ಅವಳ ಕೈಯಷ್ಟೇ ತಣ್ಣಗಿತ್ತು.

"ಸದ್ಯ, ಕಡ ತೀರ್ತು," ಎಂದು ಅಂಗೈ ಚಾಚಿದ.

ಶಾಂತಲಾ ತುಂಡನ್ನು ಹಿಂದಕ್ಕೆ ಎಳೆದುಕೊಂಡಳು. "ತೀರಿಸಾಕೆ ಬಂದಿಲ್ಲ. ನಾಳೆ ಮತ್ತೆ ಫ್ಲೈಟ್ ಐತೆ."

"ನಾಳೇದು ಆದ ಮ್ಯಾಲೆ?"

"ಅದರ ಮ್ಯಾಲೂ ಐತೆ." ಅವಳು ತಲೆ ತಗ್ಗಿಸಿದಳು, ಆಮೇಲೆ ಎತ್ತಿದಳು. "ಕೊಟ್ಬಿಟ್ರೆ ತಿರುಗಿ ಬರಾಕೆ ಏನಂತ ಹೇಳ್ಲಿ ಮನೆಯಾಗೆ?"

ಪರಶುರಾಮ್ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. ಅವಳು ಕಾದಳು, ನೊರೆ ಕೂಡುವವರೆಗೆ ಕಾಯುವ ಹಾಗೆ.

"ಪರಶುರಾಮ್ ಕಾಯ್ತಾನೆ ಅಂತ ಹೇಳ್ರಿ," ಅಂದ ಕೊನೆಗೆ.

ಹೊರಗೆ ಬದುವಿನ ಮೇಲೆ ಕೂತಿದ್ದ ಕಮಲಕ್ಕ ಕಾಲಿನ ಕೆಸರು ಕೆರೆಯುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದಳು: "ಆ ಕಡ ಹಂಗೇ ಇರ್ಲಿ ಬಿಡ್ರಿ."

ಶಾಂತಲಾ ತುಂಡನ್ನು ಜೇಬಿಗೆ ಹಾಕಿಕೊಂಡಳು. ಬಸ್ಸಿನ ತನಕ ಅವನು ಜೊತೆಗೆ ನಡೆದ. ಹಿಂದೆ ಶೆಡ್ಡಿನಲ್ಲಿ ವಿಜಯಕುಮಾರ್ ಸ್ಕೂಟರಿನ ಗಾಲಿಯ ಕಲ್ಲು ತೆಗೆಯಲು ಬಗ್ಗಿದ್ದರು. "ಅದು ಇರ್ಲಿ ಸರ್," ಎಂದು ಪರಶುರಾಮ್ ತಿರುಗದೆಯೇ ಕೂಗಿದ. "ನಾಳೆ ಫ್ಲೈಟ್ ಐತೆ."